ವೀಸದಷ್ಟೂ ತಪ್ಪದ ತ್ರಿಕೋನ: ಬಳಕೆದಾರರ ಕೈಪಿಡಿ

ಮೊದಲ ಎಚ್ಚರಿಕೆ: ಈ ಕೈಪಿಡಿಯನ್ನು ಪೂರ್ತಿ ಓದುವ ತನಕ ಬಟ್ಟೆಗೆ ಕತ್ತರಿ ತಾಗಿಸಬೇಡಿ. ಓದಿದ ಮೇಲೂ ತಾಗಿಸಬೇಡಿ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ದುಂಡು ಬ್ಲೇಡಿನ ರೋಟರಿ ಕಟ್ಟರ್ ತಂದ ಮೇಲೆ ಅಮೆರಿಕದ ಕ್ವಿಲ್ಟ್, ಅಂದರೆ ತುಂಡುಬಟ್ಟೆ ಕೌದಿಯ ಲೋಕದಲ್ಲಿ ಕತ್ತರಿಗೆ ದಾರ ಕತ್ತರಿಸುವ ಕೆಲಸವಷ್ಟೇ ಉಳಿದಿದೆ. ರಟ್ಟಿನ ಅಚ್ಚುಗಳೆಲ್ಲ ನಿವೃತ್ತಿಯಾಗಿ ಆ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ರೂಲರ್‌ಗಳು ಬಂದಿವೆ, ಒಂದೊಂದು ಅಳತೆಗೆ ಒಂದೊಂದು.

ಉತ್ಪನ್ನದ ವಿವರ: ಎರಡು ಬಣ್ಣದ ಎರಡು ತ್ರಿಕೋನಗಳು ಕರ್ಣದುದ್ದಕ್ಕೂ ಕೂಡಿಕೊಂಡ ಒಂದು ಚೌಕ. ಹೆಸರು ಹಾಫ್ ಸ್ಕ್ವೇರ್ ಟ್ರಯಾಂಗಲ್. ಕೈ ಪಳಗಿದವರು ಎಚ್‌ಎಸ್‌ಟಿ ಎಂದು ಮುಗಿಸುತ್ತಾರೆ. ಇಂಥ ನಾಲ್ಕನ್ನು ತಿರುಗಿಸಿ ಜೋಡಿಸಿದರೆ ಪಿನ್‌ವೀಲ್ ಆಗುತ್ತದೆ. ಮೂಲೆಗೊಂದರಂತೆ ಇಟ್ಟು ನಡುವೆ ಪಟ್ಟಿಗಳನ್ನು ತುಂಬಿದರೆ ಚರ್ನ್ ಡ್ಯಾಶ್.

ಈ ಕೈಪಿಡಿ ಯಾರಿಗಲ್ಲ: ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರಿಗೆ. ಅವರು ಕವಂದಿ ಎಂಬ ತಮ್ಮ ಕೌದಿಯನ್ನು ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬರುತ್ತಾರೆ, ಮೂಲೆಗೆ ಬಟ್ಟೆ ಮಡಿಸಿ ತ್ರಿಕೋನ ಕೂರಿಸುತ್ತಾರೆ, ರೂಲರ್ ಮುಟ್ಟುವುದಿಲ್ಲ. ಕೈಗೆ ಸಿಕ್ಕ ತುಂಡಿಗೆ ಜಾಗ ಹುಡುಕುವುದು ಅವರ ಕ್ರಮ. ಇಲ್ಲಿ ಜಾಗ ಮೊದಲೇ ಗೊತ್ತಾಗಿರುತ್ತದೆ. ತುಂಡೇ ಅದಕ್ಕೆ ತಕ್ಕಂತೆ ಬಗ್ಗಬೇಕು.

ಹಂತ 1: ಎರಡು ಚೌಕಗಳನ್ನು ಮುಖಕ್ಕೆ ಮುಖ ಮಾಡಿ ಇಡಿ. ಮೇಲಿನದರ ಬೆನ್ನಿಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆಯಿಂದ ಆಚೆಗೆ ಕಾಲು ಇಂಚು, ಈಚೆಗೆ ಕಾಲು ಇಂಚು ಬಿಟ್ಟು ಎರಡು ಹೊಲಿಗೆ ಹಾಕಿ. ಗೆರೆಯ ಮೇಲೆ ಕತ್ತರಿಸಿ. ಕೈಯಲ್ಲಿ ಎರಡು ತ್ರಿಕೋನ ಉಳಿಯುತ್ತವೆ. ಬಿಡಿಸಿದರೆ ಎರಡು ಚೌಕ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಕಷ್ಟವಿರುವುದು ಹಂತ 0ರಲ್ಲಿ, ಅಂದರೆ ಚೌಕವನ್ನು ಎಷ್ಟು ದೊಡ್ಡದಾಗಿ ಕತ್ತರಿಸಬೇಕೆಂಬ ಲೆಕ್ಕದಲ್ಲಿ.

ಹಂತ 0: ಕ್ವಿಲ್ಟಿನಲ್ಲಿ 4 ಇಂಚು ಕಾಣಬೇಕು ಎಂದುಕೊಳ್ಳಿ. ಸುತ್ತಲಿನ ಹೊಲಿಗೆಗೆ ಅರ್ಧ ಇಂಚು ಸೇರಿ ನಾಲ್ಕೂವರೆ ಆಯಿತು. ಕರ್ಣದ ಹೊಲಿಗೆ ತನ್ನ ಪಾಲು ಬೇರೆ ಕೇಳುತ್ತದೆ: ಕಾಲು ಇಂಚನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಸುಮಾರು 0.354. ಒಟ್ಟು ಸೇರಿಸಬೇಕಾದ್ದು 0.854 ಇಂಚು. ಎರಡರ ವರ್ಗಮೂಲ ಎಲ್ಲೂ ನಿಲ್ಲದ ಸಂಖ್ಯೆ, ಇಂಚುಪಟ್ಟಿಯ ಗೆರೆಗಳೋ ಎಲ್ಲಾದರೂ ನಿಲ್ಲಲೇಬೇಕು. ಹಾಗಾಗಿ ಕ್ವಿಲ್ಟ್ ಪುಸ್ತಕಗಳು 7/8, ಅಂದರೆ 0.875 ಸೇರಿಸಿ ಎನ್ನುತ್ತವೆ. ನಿಖರ ಎಂದು ಹೆಸರಾದ ಸೂತ್ರದಲ್ಲೇ ಕೂದಲೆಳೆಯಷ್ಟು ಹೊಂದಾಣಿಕೆ ನಡೆದುಹೋಗಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಆ 7/8ನ್ನೂ ಮರೆತುಬಿಡಿ. ಪೂರ್ತಿ 1 ಇಂಚು ಸೇರಿಸಿ. 5 ಇಂಚಿನ ಚೌಕಗಳು ಚಾರ್ಮ್ ಪ್ಯಾಕ್ ಎಂಬ ಹೆಸರಿನಲ್ಲಿ ಕಟ್ಟು ಕಟ್ಟಾಗಿ ಸಿದ್ಧವೇ ಸಿಗುತ್ತವೆ. ಹೊಲಿದು ಬಿಡಿಸಿದಾಗ ಸುಮಾರು 4.65 ಇಂಚು ಬರುತ್ತದೆ, ಅದನ್ನು ಸವರಿ 4.5ಕ್ಕೆ ಇಳಿಸಿ. ಕೈ ತಪ್ಪುತ್ತದೆಂದು ಮೊದಲೇ ಲೆಕ್ಕ ಹಾಕಿ, ಆ ತಪ್ಪಿಗೆಂದೇ ಬಟ್ಟೆ ಎತ್ತಿಟ್ಟು, ಕೊನೆಗೆ ತಪ್ಪನ್ನಷ್ಟೇ ಕತ್ತರಿಸಿ ಬುಟ್ಟಿಗೆ ಹಾಕುವ ಈ ಪದ್ಧತಿಯಷ್ಟು ಪ್ರಾಮಾಣಿಕವಾದದ್ದು ಹೊಲಿಗೆಯಲ್ಲಿ ಇನ್ನೊಂದಿಲ್ಲ. ನೆಟ್ಟಗೆ ಹೊಲಿದರೆ ಟ್ರಿಮ್ಮಿಂಗ್ ಯಾಕೆ ಎಂದು ಕೇಳುವವರು ಸಿಗುತ್ತಾರೆ. ಅವರ ಕ್ವಿಲ್ಟನ್ನು ಗೋಡೆಗೆ ತೂಗುಹಾಕಲು ಹೇಳಿ. ಒಂದೊಂದು ಜೋಡಣೆಯಲ್ಲಿ ಒಂದೊಂದು ವೀಸ, ಅಂದರೆ ಇಂಚಿನ ಹದಿನಾರನೇ ಒಂದು ಭಾಗ, ಹೋದರೂ ಹದಿನಾರು ಜೋಡಣೆಗೆ ಒಂದು ಇಂಚು ಹೋಯಿತು. ಪಕ್ಕದ ಸಾಲು ಸರಿಯಾಗಿದ್ದರೆ ಅದು ಉಬ್ಬಿ ಅಲೆ ಏಳುತ್ತದೆ.

ಹಂತ 2, ಇಸ್ತ್ರಿ: ಉಜ್ಜಬೇಡಿ. ಕರ್ಣದ ಮೇಲೆ ಕತ್ತರಿಸಿದಾಗ ನಿಮ್ಮ ಬ್ಲೇಡು ಹಾಸು ಹೊಕ್ಕು ಎರಡನ್ನೂ ಓರೆಯಾಗಿ ಕಡಿದಿದೆ, ಆ ದಿಕ್ಕಿನಲ್ಲಿ ಬಟ್ಟೆ ಎಳೆದಷ್ಟು ಹಿಗ್ಗುತ್ತದೆ. ಇಸ್ತ್ರಿಯನ್ನು ಮುಂದೆ ಹಿಂದೆ ಓಡಿಸಿದರೆ ಚೌಕ ಹೋಗಿ ಗಾಳಿಪಟವಾಗುತ್ತದೆ. ಇಟ್ಟು ಒತ್ತಿ, ಎತ್ತಿ, ಪಕ್ಕದಲ್ಲಿ ಇಡಿ. ಕತ್ತರಿಸುವ ಮುಂಚೆಯೇ ಬಟ್ಟೆಗೆ ಗಂಜಿ ಹಾಕಿದ್ದರೆ ಅರ್ಧ ಜಗಳ ಕಡಿಮೆ. ಹೊಲಿಗೆಯಂಚನ್ನು ಗಾಢ ಬಣ್ಣದ ಕಡೆಗೆ ಮಲಗಿಸಿ. ಎರಡು ಕಡೆಗೂ ಬಿಡಿಸಿ ಒತ್ತುವ ಅಭ್ಯಾಸವಿದ್ದರೆ ಮುಂದಿನ ಹಂತದ ರೂಲರ್ ನಿಮ್ಮ ಜೊತೆ ಸಹಕರಿಸುವುದಿಲ್ಲ.

ಹಂತ 3: ಬ್ಲಾಕ್ ಲಾಕ್ ಎಂಬ ರೂಲರಿನ ಅಡಿಯಲ್ಲಿ ಕರ್ಣದುದ್ದಕ್ಕೂ ಒಂದು ಕಾಲುವೆ ಕೊರೆದಿದ್ದಾರೆ. ಮಲಗಿಸಿದ ಹೊಲಿಗೆಯ ಏಣು ಅದಕ್ಕೆ ಸಿಕ್ಕಿಕೊಂಡರೆ ರೂಲರು ಹಳಿ ಹಿಡಿದ ರೈಲು ಗಾಲಿಯಂತೆ ಅಡ್ಡಕ್ಕೆ ಜಾರದು. ಬೆರಳಿಗೆ ಸಣ್ಣಗೆ ‘ಟಕ್’ ಎಂದು ತಿಳಿಯುತ್ತದೆ, ತಿಳಿಯದಿದ್ದರೆ ಕತ್ತರಿಸಬೇಡಿ. ಬಲಬದಿ, ಮೇಲ್ಬದಿ ಕೊಯ್ಯಿರಿ. ಇಲ್ಲಿ ಆಸೆಬುರುಕತನ ಸಲ್ಲದು: ಕೊಯ್ಯಲು ಇರುವುದೇ ಬದಿಗೊಂದು ವೀಸಕ್ಕಿಂತ ಚೂರು ಹೆಚ್ಚು, ಮೊದಲ ಸಲವೇ ಎಲ್ಲ ತೆಗೆದರೆ ಎದುರು ಬದಿಗಳಿಗೆ ಬಟ್ಟೆ ಸಾಲದು. ಈಗ ತುಂಡನ್ನು ಅರೆಸುತ್ತು ತಿರುಗಿಸಿ, ರೂಲರಿನ ನಾಲ್ಕೂವರೆಯ ಗೆರೆಗಳನ್ನು ಆಗತಾನೇ ಕೊಯ್ದ ಅಂಚುಗಳ ಮೇಲೆ ಕೂರಿಸಿ, ಉಳಿದೆರಡು ಬದಿ ಮುಗಿಸಿ. ಎಡಚರು ಬಲ ಎಂದಲ್ಲೆಲ್ಲ ಎಡ ಎಂದು ಓದಿಕೊಳ್ಳಿ.

ಇನ್ನೊಂದು ಪಂಥದವರು ಬಿಡಿಸುವ ಮುಂಚೆಯೇ, ತ್ರಿಕೋನವಾಗಿದ್ದಾಗಲೇ ಸವರುತ್ತಾರೆ. ರೂಲರಿನ ಗೆರೆಯನ್ನು ಕೊಯ್ದ ಅಂಚಿನ ಮೇಲಲ್ಲ, ಹೊಲಿಗೆಯ ದಾರದ ಮೇಲೆ ಇಡಬೇಕು. ಬದಿಗಳಿಗೆ ನಾಲ್ಕರ ಬದಲು ಎರಡೇ ಕೊಯ್ತ. ಕೆಲಸ ಬೇಗ, ನಿಜ. ಆದರೆ ಅಳತೆ ಮುಗಿದ ಮೇಲೆ ಇಸ್ತ್ರಿ ಬರುತ್ತದೆ, ಇಸ್ತ್ರಿ ಕೆಡಿಸಿದ್ದನ್ನು ಸರಿಪಡಿಸಲು ಮತ್ತೆ ಅವಕಾಶವಿಲ್ಲ. ನನ್ನ ಮತ ಕಾಲುವೆಯ ರೂಲರಿಗೆ.

ಹಂತ 4: ನಾಲ್ಕು ತುಂಡು ಕೂಡಿಸಿ ಪಿನ್‌ವೀಲ್ ಮಾಡಿ. ನಡುವೆ ಎಂಟು ಚೂಪುಗಳು ಒಂದು ಬಿಂದುವಿಗೆ ಬರುತ್ತವೆ, ಅವುಗಳ ಹಿಂದೆ ಬಟ್ಟೆಯ ಗಂಟೂ ಬರುತ್ತದೆ. ಬೆನ್ನಿನ ಕಡೆ ಅಡ್ಡ ಹೊಲಿಗೆಯ ಹೊರಗೆ ಉಳಿದ ಎರಡು ಮೂರು ಟಾಕು ಬಿಚ್ಚಿ, ಅಂಚುಗಳನ್ನು ಸುತ್ತ ಒಂದೇ ದಿಕ್ಕಿಗೆ ಮಲಗಿಸಿದರೆ ಗಂಟು ಚಪ್ಪಟೆಯಾಗುತ್ತದೆ.

ವಾರಂಟಿ: ಚೂಪುಗಳು ಕೂಡಿದರೆ ಶ್ರೇಯಸ್ಸು ರೂಲರಿನದು, ಕೂಡದಿದ್ದರೆ ದೋಷ ಬಳಕೆದಾರರದು. ಎರಡು ಸಾಲು ಮುಗಿದ ಮೇಲೆ 4 ಇಂಚು ದೊಡ್ಡದಾಯಿತು, 3 ಇಂಚು ಇರಬೇಕಿತ್ತು ಎನಿಸಿದರೆ ಹಣ ವಾಪಸಿಲ್ಲ. ಮೂರೂವರೆಯ ರೂಲರ್ ಬೇರೆ ಸಿಗುತ್ತದೆ.