ಗಲ್ಲಾದವರನ್ನು ನಂಬಿ ಕೂರಬೇಡಿ: ಅಂಡಾಶಯದ ಬಳಕೆದಾರರ ಕೈಪಿಡಿ

ಪೆಟ್ಟಿಗೆ ತೆರೆಯುವ ಮುನ್ನ

ಪೆಟ್ಟಿಗೆ ಇಲ್ಲ. ನೀವು ಹುಟ್ಟುವ ಮೊದಲೇ ಯಂತ್ರವನ್ನು ಒಳಗೆ ಕೂರಿಸಿ ಕಳಿಸಲಾಗಿದೆ. ಹುಟ್ಟುವಾಗ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ, ಮೈನೆರೆಯುವ ಹೊತ್ತಿಗೆ 3–4 ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಹೊರಬರುವುದು ಸುಮಾರು 400. ಮಿಕ್ಕವು ಇದ್ದಲ್ಲೇ ಬಾಡುತ್ತವೆ. ಬದಲಿ ಕೊಡುವ ಪದ್ಧತಿ ಇಲ್ಲ. ಗಂಡಸರು ಈ ಕೈಪಿಡಿಯನ್ನು ಹೆಂಡತಿಯ ಕೈಗೆ ದಾಟಿಸುವ ಮೊದಲು ತಾವೂ ಒಮ್ಮೆ ಓದತಕ್ಕದ್ದು.

ಭಾಗಗಳ ಪರಿಚಯ

ಬೆಳಿಗ್ಗೆ ಏಳಕ್ಕೆ ಮುಂಬೈಯ ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿಗೆ ಹೋಗಿ ಕೂರಿ. ಕೈಪಿಡಿಯ ಚಿತ್ರಕ್ಕಿಂತ ಅದೇ ಸ್ಪಷ್ಟ.

ಎಸ್ಟ್ರೊಜೆನ್ ಎಂದರೆ ಆರ್ಡರ್ ಚೀಟಿ. ಅದನ್ನು ಇಸಕೊಳ್ಳುವ ರಿಸೆಪ್ಟರ್ ಗಲ್ಲಾದಲ್ಲಿ ಕೂತವರು. ಅಡಿಗೆಯ ಬರಹವೆಲ್ಲ ಡಿಎನ್‌ಎಯಲ್ಲಿ ಸುತ್ತಿಟ್ಟಿದೆ. ಗಲ್ಲಾದವರು ಎಷ್ಟೇ ಗತ್ತಿನಿಂದ ಕೂತಿರಲಿ, ದೋಸೆ ಹುಯ್ಯುವುದು ಅವರಲ್ಲ, ಒಳಗಿನ ಭಟ್ಟರು. ಈ ಭಟ್ಟರೇ ಸಹಾಯಕ ಪ್ರೋಟೀನುಗಳು.

ಚೀಟಿ ಬರುವ ತನಕ ಎಚ್‌ಎಸ್‌ಪಿ90 ಎಂಬ ಪ್ರೋಟೀನು ಗಲ್ಲಾದವರನ್ನು ಅಲುಗದಂತೆ ಹಿಡಿದಿರುತ್ತದೆ. ಚೀಟಿ ಬಿತ್ತೋ, ರಿಸೆಪ್ಟರಿನ ಕೊನೆಯ ಸುರುಳಿಯೊಂದು ಮಗುಚಿಕೊಂಡು ಮೈಮೇಲೊಂದು ತೋಡು ತೆರೆಯುತ್ತದೆ. ಮೂರು ಲ್ಯೂಸಿನ್‌ಗಳಿರುವ, ಐದು ಅಮೈನೊ ಆಮ್ಲಗಳ ಕೊಂಡಿಯನ್ನು ಸಹಾಯಕರು ಆ ತೋಡಿಗೆ ಸಿಕ್ಕಿಸುತ್ತಾರೆ. ಅವರಲ್ಲಿ ಎಸ್‌ಆರ್‌ಸಿ-1 ಮೊದಲು ಬರುತ್ತದೆ, ಪಿ300ನ್ನು ಕರೆತರುತ್ತದೆ. ಈ ಪಿ300 ಡಿಎನ್‌ಎ ಸುತ್ತನ್ನು ಸಡಿಲಿಸುತ್ತದೆ. ಆಮೇಲೆ ಓದು, ಆಮೇಲೆ ಅಡಿಗೆ. ಒಲೆ ಆರಿಸುವವರೂ ಇದ್ದಾರೆ: ಎನ್‌ಕೋರ್, ಸ್ಮರ್ಟ್. ಇವರು ಬಂದರೆ ಸುತ್ತು ಬಿಗಿಯಾಗುತ್ತದೆ. ಹಚ್ಚುವ ಎಸ್‌ಆರ್‌ಸಿ-1, ಆರಿಸುವ ಈ ಇಬ್ಬರು, ಮೂರೂ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1995ರಲ್ಲೇ.

ಗಲ್ಲಾದವರಲ್ಲೂ ಇಬ್ಬರು, ಆಲ್ಫಾ ಮತ್ತು ಬೀಟಾ. ಅಂಡಾಣುವನ್ನು ಸುತ್ತುವರಿದ ಗ್ರ್ಯಾನುಲೋಸಾ ಕೋಶಗಳಲ್ಲಿ ಬೀಟಾನದೇ ದರ್ಬಾರು. ಹೊರಸುತ್ತಿನ ಥೀಕಾ ಕೋಶಗಳಲ್ಲಿ ಆಲ್ಫಾ. ಈ ಬೀಟಾ 1996ರಲ್ಲಿ ಸ್ವೀಡನ್ನಿನಲ್ಲಿ ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? ಗಂಡು ಇಲಿಯ ಪ್ರಾಸ್ಟೇಟಿನಲ್ಲಿ. ಇದಕ್ಕೆ ಕಂಪನಿ ಜವಾಬ್ದಾರಿಯಲ್ಲ.

ಚಾಲನೆ

ನೀವೇನೂ ಮಾಡಬೇಕಿಲ್ಲ. ಥೀಕಾ ಆಂಡ್ರೊಜೆನ್ ಅರೆದುಕೊಡುತ್ತದೆ, ಗ್ರ್ಯಾನುಲೋಸಾ ಅದನ್ನು ಎಸ್ಟ್ರೊಜೆನ್ ಮಾಡುತ್ತದೆ. ಅಂದರೆ ಚೀಟಿ ಬರೆಯುವುದೂ ಅಡಿಗೆಮನೆಯವರೇ, ತಮಗೇ ಆರ್ಡರ್ ಕೊಟ್ಟುಕೊಳ್ಳುವುದೂ ಅವರೇ.

ದೋಷ ಪತ್ತೆ

ಚೀಟಿ ರಾಶಿ ಬಿದ್ದಿದ್ದರೂ ತಟ್ಟೆ ಬರುತ್ತಿಲ್ಲವೇ? ಇನ್ನೂ ಚೀಟಿ ಹರಿಯಬೇಡಿ. ಲ್ಯಾಬಿನ ಹಾರ್ಮೋನ್ ರಿಪೋರ್ಟು ಚೀಟಿಗಳನ್ನಷ್ಟೇ ಎಣಿಸುತ್ತದೆ. ಒಳಗೆ ಯಾವ ಭಟ್ಟರು ಬಂದಿದ್ದಾರೆ, ಯಾರು ರಜೆ ಎಂಬುದು ಅದರಲ್ಲಿ ಇರುವುದಿಲ್ಲ. ಭಟ್ಟರ ಸಂಖ್ಯೆಯೂ ಮಿತ. ಒಬ್ಬ ರಿಸೆಪ್ಟರ್ ಎಲ್ಲರನ್ನೂ ಎಳೆದುಕೊಂಡರೆ ಪಕ್ಕದವನ ಒಲೆ ತಣ್ಣಗಾಗುತ್ತದೆ. ರಿಪೋರ್ಟು ಹಿಡಿದು ಸೊಸೆಯ ಮುಖ ನೋಡುವ ಅತ್ತೆಯಂದಿರು ಈ ಪ್ಯಾರಾವನ್ನು ಎರಡು ಸಲ ಓದಿ.

ಬಿಡಿಭಾಗಗಳು

ಲ್ಯಾಮಿಂಗ್ಟನ್ ರೋಡಿನಲ್ಲೂ ಸಿಗುವುದಿಲ್ಲ, ಚೋರ್ ಬಜಾರಿನಲ್ಲೂ ಇಲ್ಲ. ಒಳಗಿನ ಭಟ್ಟರನ್ನು ಪರೀಕ್ಷಿಸುವುದಾದರೆ ಪರೇಲಿನತ್ತ ನೋಡಬಹುದು. 1986ರ ಆಗಸ್ಟ್ 6ರಂದು ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಆರೈಕೆಯಲ್ಲಿ ಪ್ರನಾಳ ಶಿಶುವೊಂದು ಹುಟ್ಟಿತು. ಜೊತೆಗೆ ಕೈ ಜೋಡಿಸಿದ್ದು ಪರೇಲಿನದೇ ಪ್ರಜನನ ಸಂಶೋಧನಾ ಸಂಸ್ಥೆ. ಆಗ ಅದನ್ನು ನಡೆಸುತ್ತಿದ್ದವರು ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಟಿ. ಸಿ. ಆನಂದಕುಮಾರ್. ಪ್ರನಾಳ ಶಿಶುವಿನ ಈ ವಿಧಾನದಲ್ಲಿ, ಅಂದರೆ ಐವಿಎಫ್‌ನಲ್ಲಿ, ಸೂಜಿಯಿಂದ ದ್ರವ ಹೀರಿ ಅಂಡಾಣು ಆರಿಸಿಕೊಂಡ ಮೇಲೆ ಗ್ರ್ಯಾನುಲೋಸಾ ಕೋಶಗಳು ತಟ್ಟೆಯಲ್ಲೇ ಉಳಿಯುತ್ತವೆ. ಚೆಲ್ಲಿಹೋಗುವ ಅದೇ ದ್ರವ, ಹೆಂಗಸಿನ ಒಪ್ಪಿಗೆಯಿದ್ದರೆ, ಸಹಾಯಕರನ್ನು ಎಣಿಸುವವರಿಗೆ ಚಿನ್ನ.

ಎಚ್ಚರಿಕೆ

ಕೆಇಎಂನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಇದೆ. ಸ್ತನ ಕ್ಯಾನ್ಸರಿನವರು ವರ್ಷಗಟ್ಟಲೆ ನುಂಗುವ ಟ್ಯಾಮಾಕ್ಸಿಫೆನ್, ಎಸ್ಟ್ರೊಜೆನ್ನಿನ ಜಾಗದಲ್ಲಿ ಕೂರುವ ನಕಲಿ ಚೀಟಿ. ಸ್ತನದಲ್ಲಿ ಅದು ಒಲೆ ಆರಿಸುವವರನ್ನು ಕರೆಯುತ್ತದೆ, ಅಡಿಗೆ ನಿಲ್ಲುತ್ತದೆ. ಗರ್ಭಕೋಶದ ಒಳಪದರದಲ್ಲಿ ಅದೇ ಚೀಟಿಗೆ ಒಲೆ ಹತ್ತುತ್ತದೆ, ಪದರ ದಪ್ಪವಾಗುತ್ತದೆ. 2002ರಲ್ಲಿ ಬಾಸ್ಟನ್ನಿನ ಸಂಶೋಧಕರು ಒಂದು ಕಾರಣ ತೋರಿಸಿದರು: ಆ ಒಳಪದರದ ಕೋಶಗಳಲ್ಲಿ ಎಸ್‌ಆರ್‌ಸಿ-1 ಹೆಚ್ಚು.

ಹಾಗೆಂದು ಹೆದರಿ ಮಾತ್ರೆ ನಿಲ್ಲಿಸಬೇಡಿ. ಅದು ಉಳಿಸಿದ ಜೀವಗಳು ಬಹಳ. ಆದರೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ವಯಸ್ಸಾಯಿತು ಎಂದು ಸೆರಗಿನಲ್ಲಿ ಮುಚ್ಚಿಡದೆ, ಆ ವಾರವೇ ಡಾಕ್ಟರಿಗೆ ಹೇಳಿ.