ಘಾತಾಂಕ ಯಾರ ಹೆಗಲ ಮೇಲಿದೆ ನೋಡಿ

ಅಕ್ಕಾ, ಪುಟ್ಟಿ ಅತ್ತಿದ್ದು ಗಣಿತಕ್ಕಾ? ಆ ನೋಟ್‌ಬುಕ್ ಇತ್ತ ಕೊಡಿ, ಕಾಂಪೌಂಡ್ ಮೇಲಿಟ್ಟೇ ನೋಡೋಣ. ಪುಸ್ತಕದ ಎಕ್ಸ್ ಇರೋ ಕಡೆ ನಾನು ಕ ಅಂತ ಬರೀತೀನಿ, ನಿಮಗೂ ಓದೋಕೆ ಸುಲಭ.

ಸಂಕ್ಷೇಪಿಸಿ: 3(2ಕ)² − 2³ಕ².

ಏನು ಮಾಡಿದಾಳೆ ನೋಡಿ. ಮೂರನ್ನ ಮೊದಲೇ ಆವರಣದೊಳಕ್ಕೆ ಗುಣಿಸಿ 6ಕ ಮಾಡ್ಕೊಂಡು, ಆಮೇಲೆ ವರ್ಗ ಮಾಡಿ 36ಕ² ಅಂದಿದಾಳೆ. 2³ ಅಂದ್ರೆ ಎರಡ್ಮೂರ್ಲ ಆರು ಅಂತ 6ಕ². ಕಳೆದು 30ಕ². ಪಾಪ, ಕಳೆಯೋದನ್ನ ಸರಿಯಾಗೇ ಕಳೆದಿದಾಳೆ.

ಆ ಪುಟ್ಟ 2 ಕೂತಿರೋದು ಆವರಣದ ಹೆಗಲ ಮೇಲೆ. ಹೊರಗಿರೋ 3ಕ್ಕೂ ಅದಕ್ಕೂ ಸಂಬಂಧ ಇಲ್ಲ. ಆವರಣದೊಳಗಿನ 2ಕ ಪೂರ್ತಿ ವರ್ಗವಾಗಬೇಕು, 4ಕ². ಅದು ಮುಗಿದ ಮೇಲೆ ಮೂರರ ಸರದಿ, 12ಕ². ಆ ಕಡೆ 2³ ಅಂದ್ರೆ ಎರಡನ್ನ ಮೂರು ಸಲ ಬರೆದು ಗುಣಿಸೋದು, 8. ಹನ್ನೆರಡರಲ್ಲಿ ಎಂಟು ಹೋದ್ರೆ 4ಕ². ಇಷ್ಟೇ ಲೆಕ್ಕ.

ಮಕ್ಕಳದ್ದು ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ ಅಕ್ಕ. ಬೋಡ್‌ಮಾಸ್ ಬಾಯಿಪಾಠ ಮಾಡಿಸ್ತಾರೆ, ಅದರಲ್ಲಿ ‘ಓ’ ಅಂದ್ರೆ ‘ಆಫ್’ ಅಂತ ಎಷ್ಟೋ ಕಡೆ ಹೇಳಿಕೊಡ್ತಾರೆ. ಹಾಗೆ ಕಲಿತ ಮಗುವಿಗೆ ಅದರಲ್ಲಿ ಘಾತಕ್ಕೆ ಜಾಗವೇ ಇಲ್ಲ! ಆವರಣ ಆದ್ಮೇಲೆ ಘಾತ, ಆಮೇಲೆ ಗುಣಾಕಾರ ಭಾಗಾಕಾರ ಎಡದಿಂದ ಬಲಕ್ಕೆ, ಕೊನೆಗೆ ಕೂಡೋದು ಕಳೆಯೋದು, ಅದೂ ಎಡದಿಂದಲೇ. ಘಾತ ಗುಣಾಕಾರಕ್ಕಿಂತ ಮುಂದಿರೋದರಿಂದಲೇ 5ಕ²+3ಕ ಅಂತ ಆವರಣ ಇಲ್ಲದೆ ಬರೆಯೋಕಾಗೋದು. ಇಲ್ಲದಿದ್ರೆ ಬೀಜಗಣಿತದ ಪುಟದ ತುಂಬಾ ಆವರಣಗಳೇ ಇರ್ತಿದ್ವು.

ಇನ್ನೊಂದು, ಮೈನಸ್. ಇದರ ಮೇಲೆ ನನಗೆ ವಿಪರೀತ ಆಸೆ, ಹೇಳಿಬಿಡ್ತೀನಿ. (−3)² ಅಂದ್ರೆ 9. −3² ಅಂದ್ರೆ −9, ವರ್ಗ ಆಗೋದು ಮೂರು ಮಾತ್ರ, ಮೈನಸ್ ಹೊರಗೇ ನಿಂತಿರುತ್ತೆ. ಋಣಸಂಖ್ಯೆಯ ವರ್ಗವೂ ಧನವೇ ಅಂತ ನಮ್ಮ ಮಹಾವೀರಾಚಾರ್ಯರು ಅಮೋಘವರ್ಷ ನೃಪತುಂಗನ ಕಾಲದಲ್ಲೇ, 9ನೇ ಶತಮಾನದ ಗಣಿತಸಾರಸಂಗ್ರಹದಲ್ಲಿ ಹೇಳಿದಾರೆ. ಅದು ಗೊತ್ತಿದ್ದ ಮಕ್ಕಳೇ −3² ಕಂಡ ತಕ್ಷಣ 9 ಅಂತ ಬರೀತಾರೆ. ನಿಯಮ ಸರಿ, ಆವರಣ ಇದೆಯಾ ಅಂತ ನೋಡಿಲ್ಲ, ಅಷ್ಟೆ.

ಉತ್ತರ ಸರಿಯಾ ಅಂತ ಪುಟ್ಟಿಯೇ ನೋಡ್ಕೋಬಹುದು. ಕ ಜಾಗಕ್ಕೆ ಒಂದು ಸಂಖ್ಯೆ ಹಾಕಿದ್ರಾಯ್ತು. 1 ಬೇಡ, ಅದರ ವರ್ಗವೂ ಒಂದೇ ಘನವೂ ಒಂದೇ, ತಪ್ಪು ಅಡಗಿಬಿಡುತ್ತೆ. 2 ಕೂಡ ಬೇಡ, ಎರಡರ ವರ್ಗವೂ ಎರಡರ ಎರಡರಷ್ಟೂ ನಾಲ್ಕೇ. 3 ಹಾಕಿ. ಲೆಕ್ಕದಲ್ಲಿ 3 × 36, ಅಂದ್ರೆ 108. ಅದರಲ್ಲಿ 8 × 9, ಅಂದ್ರೆ 72 ಕಳೆದರೆ 36. 4ಕ² ಕೂಡ 36 ಕೊಡುತ್ತೆ. ಅವಳ 30ಕ² ಕೊಡೋದು 270. ಯಾರೂ ಬೈಯಬೇಕಾಗಿಲ್ಲ, ಅವಳಿಗೇ ಕಾಣುತ್ತೆ.

ಅಂದಹಾಗೆ ಭಾವನವರು ಆಫೀಸಿನ ಲೆಕ್ಕಕ್ಕೆ ಎಕ್ಸೆಲ್ ಬಳಸ್ತಾರಲ್ಲ, ಅವರಿಗೂ ಹೇಳಿ. ಅದರಲ್ಲಿ =-3^2 ಅಂತ ಕೊಟ್ರೆ 9 ಬರುತ್ತೆ; ಪೈಥಾನ್‌ನಲ್ಲಿ -3**2 ಕೊಟ್ರೆ −9. ಎಕ್ಸೆಲ್ ಮೈನಸ್ಸನ್ನ ಮೊದಲು ಹಿಡ್ಕೊಳ್ಳುತ್ತೆ. ಪುಸ್ತಕದ ಉತ್ತರ ಬೇಕಿದ್ರೆ =-(3^2) ಅಂತಲೇ ಬರೀಬೇಕು.