ಅಂಗೈಯಲ್ಲಿ ಸೂರ್ಯ

ಡಿಸೆಂಬರ್ ಬಂತೆಂದರೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಹೊರಡುವ ಟೆಂಪೊ ಟ್ರಾವೆಲರ್‌ಗಳಲ್ಲಿ ಒಬ್ಬ ಅಣ್ಣ ಇದ್ದೇ ಇರುತ್ತಾರೆ. ಮನೆಮಂದಿಯೆಲ್ಲ ಧರ್ಮಸ್ಥಳ, ಕುಕ್ಕೆ, ಉಡುಪಿ ಎಂದು ದೇವರ ಲೆಕ್ಕದಲ್ಲಿದ್ದರೆ ಇವರದು ಒಂದೇ ಲೆಕ್ಕ: ಸಂಜೆ ಆರಕ್ಕೆ ಮುರುಡೇಶ್ವರದ ಮರಳ ಮೇಲಿರಬೇಕು. ಡ್ರೈವರ್ ಟೀ ಕುಡಿಯಲು ಇಳಿದರೂ ಇವರಿಗೆ ತಡೆಯದು.

ಅವಸರ ಕಸುಬಿನಿಂದ ಬಂದದ್ದು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ತಡವಾದರೆ ಚಿಟ್ಟೆ ಕೊರೆದು ಹೊರಬರುತ್ತದೆ, ನೂಲು ಹೋಯಿತು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗಿನ ಹುಳದ ಗತಿ ಹೇಳಬಲ್ಲ ಈ ರೀಲರು, ಸಮುದ್ರ ಕಂಡೊಡನೆ ಚುರುಮುರಿ ತಿಂದ ಕೈಯಲ್ಲೇ ಫೋನಿನ ಲೆನ್ಸ್ ಒರೆಸುತ್ತಾರೆ. ಆಮೇಲೆ ಸೂರ್ಯನ ಸುತ್ತ ಪ್ರಭಾವಳಿ ಬಂದಿದೆಯೆಂದು ಎಲ್ಲರಿಗೂ ತೋರಿಸುತ್ತಾರೆ.

ಪಕ್ಕದಲ್ಲಿ 123 ಅಡಿಯ ಶಿವ ಕೂತಿದ್ದಾನೆ. ಅತ್ತ ಒಂದು ಕೈ ಮುಗಿದು, ಸೂರ್ಯ ಅಂಗೈಯಲ್ಲಿ ಕೂತಂತೆ ಕಾಣಲೆಂದು ಹೆಂಡತಿಯನ್ನು ಕೈ ಚಾಚಿಸಿ ನೀರಿನಂಚಿಗೆ ನಿಲ್ಲಿಸುತ್ತಾರೆ.

“ಕೈ ಒಂಚೂರು ಕೆಳಗಿಳಿಸೇ. ಎಡಕ್ಕೆ... ನಿನ್ನೆಡ ಅಲ್ಲ, ನನ್ನೆಡ!”

“ಸೂರ್ಯ ಮುಳುಗೋದು ಮೊದಲೋ, ನನ್ನ ಕೈ ಬಿದ್ದೋಗೋದು ಮೊದಲೋ ನೋಡ್ರೀ.”

ಸೂರ್ಯನೇ ಗೆಲ್ಲುತ್ತಾನೆ. ಬಿಂಬ ನೀರು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಬೇಕಾದದ್ದು ಎರಡು ನಿಮಿಷ ಚಿಲ್ಲರೆ. ಅದೂ ಸಾಲದ್ದು. ನೀರಿನ ಮೇಲೆ ಕೂತಂತೆ ಕಾಣುವ ಸೂರ್ಯ ಅಷ್ಟು ಹೊತ್ತಿಗಾಗಲೇ ದಿಗಂತದ ಕೆಳಗಿರುತ್ತಾನೆ. ಗಾಳಿ ಬೆಳಕನ್ನು ಬಾಗಿಸಿ ತೋರಿಸುವುದಷ್ಟೆ. ಹೀಗಾಗಿ ನಲವತ್ತು ಫೋಟೊಗಳಲ್ಲಿ ಮೂವತ್ತೆಂಟರಲ್ಲಿ ಹೆಂಡತಿ ಯಾರನ್ನೋ ಚಿಲ್ಲರೆ ಕೇಳುತ್ತಿದ್ದಾರೆ.

ಗೌರಿಬಿದನೂರಿನ ಭಾಮೈದ ಸುಮ್ಮನಿರುವವನಲ್ಲ. “ಸೂರ್ಯನ ಚಿತ್ರಕ್ಕೆ ಐನೂರು ಕಿಲೋಮೀಟರ್ ಯಾಕೆ ಭಾವ? ನಮ್ಮಲ್ಲೇ ತೆಗೀತಾರೆ.” ಅವನ ಮಾತು ಸುಳ್ಳಲ್ಲ. 1976ರಿಂದಿರುವ ಅಲ್ಲಿನ ರೇಡಿಯೊ ವೀಕ್ಷಣಾಲಯದವರು ಬಯಲಲ್ಲಿ ಆಂಟೆನಾ ಸಾಲು ನೆಟ್ಟು, ಸೂರ್ಯನ ಹೊರಪದರದಿಂದ ಬರುವ ರೇಡಿಯೊ ಅಲೆ ಹಿಡಿದು ಚಿತ್ರ ಬಿಡಿಸುತ್ತಾರೆ. ಮೋಡವಿದ್ದರೂ ಅಡ್ಡಿಯಿಲ್ಲ.

ಅಣ್ಣ ಒಂದೇ ಪ್ರಶ್ನೆ ಕೇಳಿದರು: “ಅದ್ರಲ್ಲಿ ನಾನು ಕಾಣಿಸ್ತೀನಾ?”

ಶಿಡ್ಲಘಟ್ಟದಿಂದ ಪಶ್ಚಿಮಕ್ಕೆ 1478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಸೂರ್ಯ ದಿನಾ ಆ ದಿಕ್ಕಿಗೇ ಇಳಿಯುತ್ತಾನೆ. ಅದರ ಫೋಟೊ ಇವರ ಫೋನಿನಲ್ಲಿ ಒಂದೂ ಇಲ್ಲ. “ಅಲ್ಲೇನೈತೆ? ನೀರಿಲ್ಲ.” ಸಾವಿರ ಅಡಿ ಬೋರು ಕೊರೆಸಿ ಧೂಳು ಕಂಡವರ ಮಾತಿದು. ನೀರು ತಾನಾಗಿ ಕಾಲ ಬಳಿ ಬಂದು ಹೋಗುವ ಜಾಗಕ್ಕೆ ಹೋಗಿದ್ದೆ ಎನ್ನಲು ಅವರಿಗೆ ಸಾಕ್ಷಿ ಬೇಕು, ಸೂರ್ಯ ಬರೀ ಸಹಿ.

ಬೆಂಗಳೂರಿನ ಕೊಳಚೆ ನೀರು ಶುದ್ಧಿಯಾಗಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ ಮೇಲೆ ಅಣ್ಣನಿಗೆ ಡೀಸೆಲ್ ಖರ್ಚೂ ಉಳಿಯಿತು. ಫೋಟೊದಿಂದ ಕೆರೆ ಏರಿಯನ್ನು ನಾಜೂಕಾಗಿ ಕತ್ತರಿಸಿ “ಅರಬ್ಬಿ ಸಮುದ್ರ, ಶುಭ ಸಂಜೆ” ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಿದರು.

“ಸಮುದ್ರದಾಗೆ ಎಮ್ಮೆ ಯಾವಾಗ ಬಿಟ್ರು ಭಾವ?” ಎಂದು ಭಾಮೈದ ಕೇಳಿದ.

“ಅದು ಬಂಡೆ ಕಣೋ” ಎಂದು ಉತ್ತರ ಬಂತು, ಜೊತೆಗೆ ಇನ್ನೊಂದು ಫೋಟೊ. ಅದರಲ್ಲಿ ಬಂಡೆ ಈ ಕಡೆ ತಿರುಗಿ ನೋಡುತ್ತಿತ್ತು.